ಅಟ್ಟದ ಮೇಲಿನ ರೀಲುಗಳು: ದಂಡು ಪ್ರದೇಶದ ಮನೆಚಿತ್ರಗಳ ಚರಿತ್ರೆ

ಒಂದು ಊರಿನ ಚರಿತ್ರೆಯನ್ನು ಯಾರು ಬರೆದರು, ಯಾರ ದೃಷ್ಟಿಯಿಂದ ಬರೆದರು ಎಂಬ ಪ್ರಶ್ನೆಯನ್ನು ನಾವು ಕೆಲವು ದಶಕಗಳಿಂದ ಕೇಳುತ್ತಲೇ ಬಂದಿದ್ದೇವೆ. ಅದೇ ಊರನ್ನು ಯಾರು ಚಿತ್ರೀಕರಿಸಿದರು, ಆ ಚಿತ್ರಗಳು ಈಗ ಯಾರ ಮನೆಯಲ್ಲಿವೆ ಎಂದು ಕೇಳಿದವರು ಮಾತ್ರ ಕಡಿಮೆ. ಬೆಂಗಳೂರಿನ ದಂಡು ಪ್ರದೇಶದ ಮಟ್ಟಿಗೆ ಇದು ತುರ್ತಾಗಿ ಕೇಳಬೇಕಾದ ಪ್ರಶ್ನೆ. ಶಿವಾಜಿನಗರ, ಫ್ರೇಜರ್ ಟೌನ್, ಹಲಸೂರಿನ ಹಳೆಯ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟು ಕಟ್ಟುವಾಗ ಅಟ್ಟದಿಂದ ಇಳಿಯುವ ಸಾಮಾನುಗಳಲ್ಲಿ ಕೆಲವೊಮ್ಮೆ ಅಂಗೈಯಗಲದ ತಗಡಿನ ಡಬ್ಬಿಗಳಿರುತ್ತವೆ. ಒಳಗೆ ಬೆರಳಿಗಿಂತ ಕಿರಿದಾದ ಫಿಲ್ಮಿನ ಸುರುಳಿ. ಅದನ್ನು ಓಡಿಸುವ ಯಂತ್ರ ಮನೆಯಲ್ಲಿಲ್ಲ, ಅದರಲ್ಲಿ ಏನಿದೆಯೆಂದು ಹೇಳುವ ಹಿರಿಯರೂ ಉಳಿದಿಲ್ಲ. ಹೀಗಾಗಿ ಡಬ್ಬಿ ಗುಜರಿಗೆ ಹೋಗುತ್ತದೆ. ಹಾಗೆ ಹೋಗುವುದು ಏನು ಎಂಬುದನ್ನು ತಿಳಿಯಬೇಕಾದರೆ ಈ ಕಿರು ಫಿಲ್ಮಿನ ಹುಟ್ಟಿನಿಂದಲೇ ಆರಂಭಿಸಬೇಕು.

ಸಿನಿಮಾ ನಮ್ಮ ದೇಶಕ್ಕೆ ಬಂದದ್ದು 1896ರ ಜುಲೈ 7ರಂದು, ಮುಂಬಯಿಯ ವಾಟ್ಸನ್ ಹೋಟೆಲಿಗೆ. ಮೂರು ವರ್ಷಗಳಲ್ಲೇ, 1899ರಲ್ಲಿ, ಹರಿಶ್ಚಂದ್ರ ಸಖಾರಾಮ್ ಭಾಟವಡೇಕರ್ ಇಂಗ್ಲೆಂಡಿನಿಂದ ಕ್ಯಾಮೆರಾ ತರಿಸಿ ಮುಂಬಯಿಯ ಹ್ಯಾಂಗಿಂಗ್ ಗಾರ್ಡನ್ಸ್‌ನಲ್ಲಿ ಕುಸ್ತಿಯೊಂದನ್ನು ಚಿತ್ರೀಕರಿಸಿದರು. ಅವರು ವೃತ್ತಿಯಿಂದ ಛಾಯಾಗ್ರಾಹಕರು. ಅಂದರೆ ಸ್ಟುಡಿಯೋ, ನಾಯಕ ನಟ, ವಿತರಕ ಇವೆಲ್ಲ ಹುಟ್ಟುವ ಮೊದಲೇ, ಕುತೂಹಲಕ್ಕಾಗಿ ಕ್ಯಾಮೆರಾ ಹಿಡಿದವರು ನಮ್ಮಲ್ಲಿದ್ದರು. ಆದರೆ ಆಗಿನ ಫಿಲ್ಮು 35 ಮಿಲಿಮೀಟರ್ ಅಗಲದ್ದು, ನೈಟ್ರೇಟಿನಿಂದ ಮಾಡಿದ್ದು. ಅದು ಬಲು ಬೇಗ ಹೊತ್ತಿಕೊಳ್ಳುತ್ತದೆ, ಒಮ್ಮೆ ಹೊತ್ತಿದರೆ ನೀರು ಹಾಕಿದರೂ ಆರುವುದಿಲ್ಲ. ಬೆಲೆಯೂ ಹೆಚ್ಚು. ಮನೆಯಲ್ಲಿ ಇಟ್ಟುಕೊಳ್ಳುವ ವಸ್ತುವೇ ಅಲ್ಲ.

ಈ ಸ್ಥಿತಿ ಬದಲಾದದ್ದು 1922-23ರಲ್ಲಿ. ಫ್ರಾನ್ಸಿನ ಪಾಥೆ ಕಂಪೆನಿ 1922ರ ಕೊನೆಯಲ್ಲಿ 9.5 ಎಂ.ಎಂ. ಫಿಲ್ಮನ್ನು ಹೊರತಂದಿತು. ಮರುವರ್ಷ ಅಮೆರಿಕದ ಕೊಡ್ಯಾಕ್ 16 ಎಂ.ಎಂ. ಫಿಲ್ಮನ್ನು ತಂದಿತು. ಎರಡೂ ಸುಲಭವಾಗಿ ಬೆಂಕಿ ಹಿಡಿಯದ ಅಸಿಟೇಟ್ ಫಿಲ್ಮುಗಳು. ಇನ್ನೊಂದು ಮಾರ್ಪಾಡೂ ಇತ್ತು. ಕ್ಯಾಮೆರಾದೊಳಗೆ ಓಡಿದ ಪಟ್ಟಿಯನ್ನೇ ರಾಸಾಯನಿಕ ಕ್ರಿಯೆಯಿಂದ ತಿರುಗಿಸಿ, ಪರದೆಯ ಮೇಲೆ ತೋರಿಸಬಹುದಾದ ಪಾಸಿಟಿವ್ ಮಾಡುತ್ತಿದ್ದರು. ಬೇರೆ ನೆಗೆಟಿವ್ ಇಲ್ಲ, ಬೇರೆ ಪ್ರಿಂಟ್ ಇಲ್ಲ, ಆ ಖರ್ಚೂ ಇಲ್ಲ. ಈ ಉಳಿತಾಯದಿಂದಾಗಿಯೇ ಮನೆಚಿತ್ರಗಳಿಗೆ ಎರಡನೇ ಪ್ರತಿ ಎಂಬುದು ಇಲ್ಲವಾಯಿತು. ಅಟ್ಟದ ಮೇಲಿನ ಡಬ್ಬಿಯಲ್ಲಿರುವುದು ಲೋಕದಲ್ಲಿರುವ ಒಂದೇ ಒಂದು ಪ್ರತಿ. ಅದು ಹಾಳಾದರೆ ಆ ದೃಶ್ಯ ಇನ್ನೆಲ್ಲೂ ಸಿಗುವುದಿಲ್ಲ.

1932ರಲ್ಲಿ ಕೊಡ್ಯಾಕ್ ಇದನ್ನು ಇನ್ನೂ ಅಗ್ಗ ಮಾಡಿತು. 16 ಎಂ.ಎಂ. ಅಗಲದ 25 ಅಡಿ ಫಿಲ್ಮಿನ ಅರ್ಧ ಅಗಲದಲ್ಲಿ ಮಾತ್ರ ಮೊದಲ ಸಲ ಚಿತ್ರ ಮೂಡುತ್ತದೆ. ಸುರುಳಿ ಮುಗಿದ ಮೇಲೆ ನೆರಳಿನಲ್ಲಿ ನಿಂತು ಕ್ಯಾಮೆರಾ ತೆರೆದು, ಸುರುಳಿಯನ್ನು ಮಗುಚಿ ಹಾಕಿದರೆ ಉಳಿದರ್ಧದಲ್ಲಿ ಮತ್ತೆ ಚಿತ್ರ. ತೊಳೆದ ಮೇಲೆ ನಡುವೆ ಸೀಳಿ ಅಂಟಿಸಿದರೆ 50 ಅಡಿಯ 8 ಎಂ.ಎಂ. ಸಿದ್ಧ. ಒಂದು ಅಡಿಯಲ್ಲಿ 80 ಫ್ರೇಮು. ಸೆಕೆಂಡಿಗೆ 16 ಫ್ರೇಮಿನಂತೆ ಸುಮಾರು ನಾಲ್ಕು ನಿಮಿಷದ ಚಿತ್ರ. ಹಳೆಯ ಮನೆಚಿತ್ರಗಳ ನಡುವೆ ಇದ್ದಕ್ಕಿದ್ದಂತೆ ಪರದೆ ಬೆಳ್ಳಗಾಗಿ ಮತ್ತೆ ಸರಿಹೋಗುವುದನ್ನು ಕಂಡವರಿರಬಹುದು. ಸುರುಳಿ ಮಗುಚುವಾಗ ಒಳನುಗ್ಗಿದ ಬೆಳಕು ಅದು. 1935ರಲ್ಲಿ 16 ಎಂ.ಎಂ.ಗೂ 1936ರಲ್ಲಿ 8 ಎಂ.ಎಂ.ಗೂ ಕೊಡ್ಯಾಕ್ರೋಮ್ ಎಂಬ ಬಣ್ಣದ ಫಿಲ್ಮು ಬಂತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರದ್ದು. ಅದೂ ಕಪ್ಪು ಬಿಳುಪಿನದು. ಥಿಯೇಟರಿನ ಕನ್ನಡ ಚಿತ್ರಗಳು ಬಣ್ಣ ಕಾಣಲು ಇನ್ನೂ ದಶಕಗಳು ಬೇಕಿದ್ದ ಕಾಲದಲ್ಲಿ, ಕಾಸಿದ್ದವರ ಮನೆಯ ಹುಟ್ಟುಹಬ್ಬ ಬಣ್ಣದಲ್ಲಿ ದಾಖಲಾಗುವ ಅನುಕೂಲ ಒದಗಿತ್ತು.

ದಂಡಿಗೆ ಬಂದ ಹವ್ಯಾಸ

1809ರಲ್ಲಿ ಹಲಸೂರು ಕೆರೆಯ ಆಸುಪಾಸಿನಲ್ಲಿ ಬೀಡುಬಿಟ್ಟ ಬ್ರಿಟಿಷ್ ಸೈನ್ಯದಿಂದ ಹುಟ್ಟಿದ್ದು ನಮ್ಮ ದಂಡು. 1881ರಲ್ಲಿ ಮೈಸೂರು ಅರಸರಿಗೆ ರಾಜ್ಯ ಹಿಂದಿರುಗಿದಾಗಲೂ ದಂಡು ಬ್ರಿಟಿಷರ ಕೈಯಲ್ಲೇ ಉಳಿಯಿತು. ಅದು ಮೈಸೂರಿಗೆ ಮರಳಿದ್ದು ಸ್ವಾತಂತ್ರ್ಯಕ್ಕೆ ಕೆಲವೇ ದಿನಗಳಿದ್ದಾಗ, 1947ರ ಜುಲೈ 26ರಂದು. ಪೇಟೆ ಮತ್ತು ದಂಡು ಒಂದೇ ನಗರಪಾಲಿಕೆಗೆ ಬಂದದ್ದು 1949ರಲ್ಲಿ. ಇಷ್ಟು ಕಾಲ ದಂಡಿನ ಜಗತ್ತೇ ಬೇರೆ. ಸೌತ್ ಪೆರೇಡಿನಲ್ಲಿ ವಿಲಾಯತಿ ಸಾಮಾನಿನ ಅಂಗಡಿಗಳು, ಫೋಟೋ ಸ್ಟುಡಿಯೋಗಳು. ಬ್ಲ್ಯಾಕ್‌ಪಳ್ಳಿಯಲ್ಲಿ, ಅಂದರೆ ಇಂದಿನ ಶಿವಾಜಿನಗರದಲ್ಲಿ, ಸೈನ್ಯಕ್ಕೆ ಅನ್ನ, ಬಟ್ಟೆ, ಚರ್ಮ, ಮಾಂಸ, ತರಕಾರಿ ಒದಗಿಸುತ್ತಿದ್ದ ತಮಿಳರು, ದಖನಿ ಮುಸಲ್ಮಾನರು, ಕಚ್ಛಿ ಮೇಮನರು, ಆಂಗ್ಲೋ-ಇಂಡಿಯನ್ನರು. 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯೂ, ವರ್ತಕ ಹಾಜಿ ಸರ್ ಇಸ್ಮಾಯಿಲ್ ಸೇಠರ ಹೆಸರು ಹೊತ್ತ ಗೋಷಾ ಆಸ್ಪತ್ರೆಯೂ ಈ ಜಗತ್ತಿನ ಗುರುತುಗಳು. ಎಲ್ಗಿನ್, ಪ್ಲಾಜಾ, ಗ್ಲೋಬ್‌ಗಳಂಥ ಚಿತ್ರಮಂದಿರಗಳೂ ಇಲ್ಲಿಯವೇ.

ಹೀಗಾಗಿ ಸಿನಿ ಕ್ಯಾಮೆರಾ ಎಂಬ ಹವ್ಯಾಸಕ್ಕೆ ಮೈಸೂರು ಸೀಮೆಯಲ್ಲಿ ದಂಡಿಗಿಂತ ಒಗ್ಗುವ ಜಾಗ ಇನ್ನೊಂದಿರಲಿಲ್ಲ. ಮೊದಲು ಹಿಡಿದವರು ಸೈನ್ಯಾಧಿಕಾರಿಗಳು, ತೋಟದ ದೊರೆಗಳು, ಪಾದ್ರಿಗಳು. ಬೇಟೆ, ಕುದುರೆ ಜೂಜು, ತೋಟದ ಚಹಾಕೂಟ, ಮೈಸೂರಿನ ದಸರಾ, ಆನೆಯ ಮೇಲಿನ ಸವಾರಿ ಇವು ಅಂಥವರ ಕ್ಯಾಮೆರಾಕ್ಕೆ ಇಷ್ಟವಾದ ವಿಷಯಗಳು. ಬ್ರಿಟಿಷ್ ಕುಟುಂಬಗಳು ಭಾರತದಲ್ಲಿ ತೆಗೆದ ಇಂಥ ಮನೆಚಿತ್ರಗಳ ಒಂದು ದೊಡ್ಡ ಸಂಗ್ರಹ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರದಲ್ಲಿದೆ. ಅವನ್ನು ಡಿಜಿಟಲ್ ರೂಪಕ್ಕೆ ತಂದು ಯಾರು ಬೇಕಾದರೂ ನೋಡುವಂತೆ ಮಾಡಿದ್ದಾರೆ. ಈ ಬಗೆಯ ಚಿತ್ರಗಳನ್ನು ನೋಡುವಾಗ ನಮ್ಮ ಕಣ್ಣು ಹೋಗಬೇಕಾದದ್ದು ಅಂಚಿಗೆ. ನಡುವೆ ದೊರೆಸಾನಿಯ ಮಗು ಇರುತ್ತದೆ. ಅದನ್ನು ಎತ್ತಿಕೊಂಡ ಆಯಾ ಅರ್ಧ ಮಾತ್ರ ಕಾಣುತ್ತಾಳೆ. ಕುದುರೆಗೆ ಹೆಸರಿರುತ್ತದೆ, ಲಗಾಮು ಹಿಡಿದ ಸಾಯಿಸನಿಗೆ ಹೆಸರಿರುವುದಿಲ್ಲ. ತೆಗೆದವರು ತಮ್ಮ ಕುಟುಂಬದ ನೆನಪಿಗೆಂದು ತೆಗೆದರು. ತಿಳಿಯದೆಯೇ ನಮ್ಮ ಅಜ್ಜ ಅಜ್ಜಿಯರನ್ನೂ ದಾಖಲಿಸಿಬಿಟ್ಟರು.

ಸ್ವಾತಂತ್ರ್ಯದ ನಂತರ ಈ ಹವ್ಯಾಸ ಕೈಬದಲಾಯಿತು. ದಂಡಿನ ಆಂಗ್ಲೋ-ಇಂಡಿಯನ್ ಕುಟುಂಬಗಳಲ್ಲಿ ಅನೇಕ ಇಂಗ್ಲೆಂಡಿಗೆ, ಆಸ್ಟ್ರೇಲಿಯಾಕ್ಕೆ ವಲಸೆ ಹೋದವು. ಇನ್ನೊಂದೆಡೆ ದಂಡಿನ ಪೂರ್ವಕ್ಕೆ ಹೊಸ ಮಧ್ಯಮವರ್ಗವೊಂದು ತಲೆಯೆತ್ತಿತು. 1940ರಲ್ಲಿ ಆರಂಭವಾಗಿದ್ದ ಎಚ್.ಎ.ಎಲ್., 1948ರಲ್ಲಿ ಕೆ.ಆರ್. ಪುರದ ಬಳಿ ದೂರವಾಣಿನಗರದಲ್ಲಿ ಬಂದ ಐ.ಟಿ.ಐ., ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಇವುಗಳಲ್ಲಿ ಎಂಜಿನಿಯರುಗಳು, ಕುಶಲಕರ್ಮಿಗಳು ಸೇರಿದರು. ಮುಂದೆ ಇಂದಿರಾನಗರದಂಥ ಬಡಾವಣೆಗಳಲ್ಲಿ ಮನೆ ಕಟ್ಟಿದವರಲ್ಲಿ ಇವರೂ ಸೈನ್ಯದ ನಿವೃತ್ತರೂ ಇದ್ದರು. ಕಮರ್ಷಿಯಲ್ ಸ್ಟ್ರೀಟಿನ ವರ್ತಕರಂತೆ ಇವರಲ್ಲಿಯೂ ಕೆಲವರಿಗೆ ವಿದೇಶದ ಸಂಪರ್ಕವಿತ್ತು. ತರಬೇತಿಗೆ ಹೋದವರು, ಹಜ್‌ಗೆ ಹೋದವರು, ಪರದೇಶದಲ್ಲಿ ನೆಂಟರಿದ್ದವರು, ಇವರ ಮೂಲಕವೇ ಕ್ಯಾಮೆರಾ ಒಳಬರಬೇಕಿತ್ತು. ಏಕೆಂದರೆ 1957ರ ವಿದೇಶಿ ವಿನಿಮಯದ ಬಿಕ್ಕಟ್ಟಿನ ನಂತರ ಆಮದು ಬಿಗಿಯಾಯಿತು. ಹವ್ಯಾಸದ ಸಾಮಾನಿಗೆ ಲೈಸೆನ್ಸು ಸಿಗುವುದು ಸುಲಭವಿರಲಿಲ್ಲ.

ನಾಲ್ಕು ನಿಮಿಷದ ಜಿಪುಣತನ

ಇಂದು ಮೊಬೈಲಿನಲ್ಲಿ ಗಂಟೆಗಟ್ಟಲೆ ಚಿತ್ರ ತೆಗೆಯುವ ನಮಗೆ ಆ ದಿನಗಳ ಜಿಪುಣತನ ಅರ್ಥವಾಗುವುದು ಕಷ್ಟ. ಕ್ಯಾಮೆರಾಕ್ಕೆ ಗಡಿಯಾರದಂತೆ ಕೀಲಿ ಕೊಡಬೇಕು. ಒಂದು ಸಲ ಕೊಟ್ಟರೆ ಅರ್ಧ ನಿಮಿಷದ ಆಸುಪಾಸು ಓಡುತ್ತದೆ. ಬೆಳಕು ಅಳೆಯುವ ಮೀಟರು ಎಲ್ಲರಲ್ಲೂ ಇಲ್ಲ. ಬಿಸಿಲಿಗೆ ಇಷ್ಟು, ಮೋಡಕ್ಕೆ ಇಷ್ಟು ಎಂದು ಫಿಲ್ಮಿನ ಜೊತೆ ಬಂದ ಚೀಟಿಯೇ ಗುರು. ಒಂದು ಸುರುಳಿಯಲ್ಲಿ ಒಂದು ವರ್ಷವೇ ಅಡಗಿರುವುದುಂಟು: ಹಬ್ಬದ ಬೆಳಿಗ್ಗೆ ಹತ್ತು ಸೆಕೆಂಡು, ಕಬ್ಬನ್ ಪಾರ್ಕಿನ ಬಾಲಭವನದ ರೈಲು ಹದಿನೈದು ಸೆಕೆಂಡು, ಮದುವೆಯ ಊಟದ ಸಾಲು ಇಪ್ಪತ್ತು ಸೆಕೆಂಡು. ಪ್ರತಿ ಸೆಕೆಂಡಿಗೂ ಲೆಕ್ಕವಿದ್ದುದರಿಂದ ಯಾವುದು ಮುಖ್ಯ ಎಂದು ಆ ಕುಟುಂಬ ಮೊದಲೇ ನಿರ್ಧರಿಸಿರುತ್ತಿತ್ತು. ಚರಿತ್ರೆಯ ವಿದ್ಯಾರ್ಥಿಗೆ ಆ ನಿರ್ಧಾರವೇ ಒಂದು ದಾಖಲೆ.

ತೆಗೆದ ಮೇಲೆ ಕಾಯುವಿಕೆ. ಕೊಡ್ಯಾಕ್ರೋಮಿನ ಬಣ್ಣಗಳು ಫಿಲ್ಮಿನಲ್ಲೇ ಇರುತ್ತಿರಲಿಲ್ಲ; ತೊಳೆಯುವಾಗ ಹಂತಹಂತವಾಗಿ ಸೇರಿಸಬೇಕಿತ್ತು. ಮನೆಯ ಕತ್ತಲೆಕೋಣೆಯಲ್ಲಿ ಅದು ಆಗದ ಕೆಲಸ. ಅಂಚೆಯಲ್ಲಿ ದೂರದ ಲ್ಯಾಬಿಗೆ ಕಳಿಸಿ ವಾರಗಟ್ಟಲೆ ಕಾಯಬೇಕು. ಕಪ್ಪು ಬಿಳುಪಿನ ಫಿಲ್ಮನ್ನು ಮಾತ್ರ ಛಲವಿದ್ದವರು ಮನೆಯಲ್ಲೇ ತೊಳೆಯಬಹುದಿತ್ತು. ರೂಪಾಯಿ ವ್ಯಾಪಾರದ ಒಪ್ಪಂದದಿಂದ ಪೂರ್ವ ಜರ್ಮನಿಯ ಓರ್ವೊ ಫಿಲ್ಮು ನಮ್ಮ ಮಾರುಕಟ್ಟೆಗೆ ಬಂತು. 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ 1967ರಿಂದ 'ಇಂದು' ಹೆಸರಿನಲ್ಲಿ ದೇಶೀ ಫಿಲ್ಮು ತಯಾರಿಸಿತು. ಆದರೂ ಮನೆಯ ಸಿನಿ ಕ್ಯಾಮೆರಾಕ್ಕೆ ಬೇಕಾದ ಸುರುಳಿ ಸಲೀಸಾಗಿ ಸಿಗುವ ದಿನ ನಮ್ಮಲ್ಲಿ ಬರಲೇ ಇಲ್ಲ.

ತೊಳೆದು ಬಂದ ಮೇಲೆ ನಿಜವಾದ ಕೈಕೆಲಸ. ಬೇಡದ ತುಂಡು ಕತ್ತರಿಸಿ, ತುದಿಯ ಲೇಪವನ್ನು ಬ್ಲೇಡಿನಿಂದ ಹೆರೆದು, ಅಂಟು ಹಚ್ಚಿ, ಪುಟ್ಟ ಒತ್ತುಯಂತ್ರದಲ್ಲಿ ಎರಡು ತುದಿಗಳನ್ನು ಕೂಡಿಸಬೇಕು. ತೂತಿಗೆ ತೂತು ಸರಿಯಾಗಿ ಕೂರದಿದ್ದರೆ ಪ್ರೊಜೆಕ್ಟರಿನ ಹಲ್ಲಿಗೆ ಸಿಕ್ಕಿ ಹರಿಯುತ್ತದೆ. ಓಡುತ್ತಿರುವ ಫಿಲ್ಮು ದೀಪದ ಮುಂದೆ ಸಿಕ್ಕಿಹಾಕಿಕೊಂಡರೆ ಮುಖವೊಂದು ಕಣ್ಣೆದುರೇ ಕಂದಿ, ಕರಗಿ, ತೂತಾಗುತ್ತದೆ. 1965ರಲ್ಲಿ ಬಂದ ಸೂಪರ್-8 ಸುರುಳಿ ಮಗುಚುವ ಕಷ್ಟವನ್ನು ತಪ್ಪಿಸಿತು. 50 ಅಡಿ ಫಿಲ್ಮು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲೇ ಬರುತ್ತಿತ್ತು, ತುರುಕಿದರೆ ಮುಗಿಯಿತು. ಸೆಕೆಂಡಿಗೆ 18 ಫ್ರೇಮಿನಂತೆ 3 ನಿಮಿಷ 20 ಸೆಕೆಂಡು ಓಡುತ್ತಿತ್ತು.

ಕ್ಯಾಮೆರಾ ಕೊಳ್ಳಲಾಗದವರ ಮಕ್ಕಳಿಗೂ ಫಿಲ್ಮಿನ ಹುಚ್ಚಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಟಾಕೀಸಿನಿಂದ ಹೊರಬಿದ್ದ ರೀಲಿನ ತುಂಡುಗಳನ್ನು ಕೂಡಿಡುವುದು, ಗೋಲಿಯಂತೆ ವಿನಿಮಯ ಮಾಡಿಕೊಳ್ಳುವುದು, ಕೆಟ್ಟ ಬಲ್ಬಿನ ಒಳಗನ್ನು ತೆಗೆದು ನೀರು ತುಂಬಿ ಅದನ್ನೇ ಲೆನ್ಸು ಮಾಡಿಕೊಳ್ಳುವುದು, ಕನ್ನಡಿಯಿಂದ ಬಿಸಿಲನ್ನು ಕತ್ತಲೆಕೋಣೆಗೆ ತಿರುಗಿಸಿ ಬಿಳಿ ಪಂಚೆಯ ಮೇಲೆ ಚಿತ್ರ ಬಿಡುವುದು ಕನ್ನಡ ನಾಡಿನ ಒಂದೆರಡು ತಲೆಮಾರುಗಳ ಆಟ. ಆ ಚಿತ್ರ ಚಲಿಸುತ್ತಿರಲಿಲ್ಲ. ಆದರೆ ಒಂದು ಫ್ರೇಮನ್ನು ಬೆರಳಲ್ಲಿ ಹಿಡಿದು ನೋಡಿದ ಮಗುವಿಗೆ ಸಿನಿಮಾ ಎಂದರೆ ನಿಂತ ಚಿತ್ರಗಳ ಸಾಲು ಎಂಬುದು ಯಾರೂ ಪಾಠ ಹೇಳದೆ ತಿಳಿಯುತ್ತಿತ್ತು. ಇದೇ ಬೆಂಗಳೂರಿನಲ್ಲಿ 1943ರಲ್ಲಿ ಶುರುವಾದ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿಯುವ ಅವಕಾಶವೂ ಇತ್ತು. 'ಕಾಗಜ್ ಕೆ ಫೂಲ್'ನ ವಿ.ಕೆ. ಮೂರ್ತಿ ಅಲ್ಲಿ ಕಲಿತವರು, ಗೋವಿಂದ ನಿಹಲಾನಿ ಅಲ್ಲಿಂದಲೇ 1962ರಲ್ಲಿ ಹೊರಬಂದವರು.

ಹವ್ಯಾಸದ ಫಿಲ್ಮು ಸಾಕ್ಷಿಯಾದಾಗ

ಮನೆಯ ಸಂತೋಷಕ್ಕೆಂದು ಹುಟ್ಟಿದ ಫಿಲ್ಮು ಲೋಕದ ಸಾಕ್ಷಿಯೂ ಆಯಿತು. 1963ರ ನವೆಂಬರ್ 22ರಂದು ಅಮೆರಿಕದ ಡಲ್ಲಾಸಿನಲ್ಲಿ ಅಧ್ಯಕ್ಷ ಕೆನಡಿಯವರ ಹತ್ಯೆಯಾದಾಗ ಅದನ್ನು ಪೂರ್ತಿ ಸೆರೆಹಿಡಿದದ್ದು ಅಬ್ರಹಾಂ ಜಪ್ರೂಡರ್ ಎಂಬ ಬಟ್ಟೆ ವ್ಯಾಪಾರಿಯ 8 ಎಂ.ಎಂ. ಕ್ಯಾಮೆರಾ. ಇಪ್ಪತ್ತಾರು ಸೆಕೆಂಡಿನ ಆ ಚಿತ್ರವನ್ನು ತನಿಖಾ ಆಯೋಗ ಫ್ರೇಮು ಫ್ರೇಮಾಗಿ ಪರಿಶೀಲಿಸಬೇಕಾಯಿತು.

ನಮ್ಮಲ್ಲಿ 16 ಎಂ.ಎಂ. ಬೇರೆಯದೇ ದಾರಿ ಹಿಡಿಯಿತು. 1948ರಲ್ಲಿ ಸ್ಥಾಪಿತವಾದ ಫಿಲ್ಮ್ಸ್ ಡಿವಿಷನ್ನಿನ ಸಾಕ್ಷ್ಯಚಿತ್ರಗಳು ಇದೇ ಅಳತೆಯಲ್ಲಿ ಸರಕಾರದ ವ್ಯಾನುಗಳನ್ನೇರಿ ಊರೂರು ತಿರುಗಿದವು. ಫಿಲ್ಮ್ ಸೊಸೈಟಿಗಳು ಹೊರದೇಶಗಳ ಸಾಂಸ್ಕೃತಿಕ ಕೇಂದ್ರಗಳಿಂದ ಇದೇ ಅಳತೆಯ ಪ್ರಿಂಟುಗಳನ್ನು ಕಡ ತಂದು ತೋರಿಸಿದವು. 1980ರಲ್ಲಿ ಬೆಂಗಳೂರಿನಲ್ಲಿ ದೀಪಾ ಧನರಾಜ್, ಅಭಾ ಭಯ್ಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್ ಸೇರಿ 'ಯುಗಾಂತರ್' ಎಂಬ ಚಿತ್ರ ತಂಡ ಕಟ್ಟಿದರು. ಪುಣೆಯ ಮನೆಗೆಲಸದ ಹೆಂಗಸರ ಕುರಿತ 'ಮೋಲ್ಕರೀನ್' (1981), ನಮ್ಮ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ತಂಬಾಕು ಕಾರ್ಖಾನೆಯ ಕೆಲಸಗಾರ್ತಿಯರ ಕುರಿತ 'ತಂಬಾಕು ಚಾಕಿಲಾ ಊಬ್ ಆಲಿ' (1982) ಇವರ ಚಿತ್ರಗಳು. ಆ ಹೆಂಗಸರ ಮನೆಯಲ್ಲಿ ಸಿನಿ ಕ್ಯಾಮೆರಾ ಇರುವ ಪ್ರಶ್ನೆಯೇ ಇರಲಿಲ್ಲ. ಶ್ರೀಮಂತರ ಮಕ್ಕಳ ಹುಟ್ಟುಹಬ್ಬಕ್ಕೆಂದು ತಯಾರಾದ ಅದೇ ಅಳತೆಯ ಫಿಲ್ಮು, ಅರ್ಧ ಶತಮಾನದ ನಂತರ, ಬೀಡಿ ತಂಬಾಕಿನ ಧೂಳಿನಲ್ಲಿ ದುಡಿಯುವವರ ಮುಖದ ಎದುರು ನಿಂತಿತು.

1984ರಲ್ಲಿ ಹೈದರಾಬಾದಿನ ಹಳೆಯ ನಗರ ಕೋಮುಗಲಭೆಯಲ್ಲಿ ಬೆಂದಾಗ ದೀಪಾ ಧನರಾಜ್ ಮತ್ತು ನವರೋಜ್ ಅಲ್ಲಿದ್ದರು. 'ಕ್ಯಾ ಹುವಾ ಇಸ್ ಶಹರ್ ಕೋ?' (1986) ಎಂಬ ಆ ಚಿತ್ರ ಗಲಭೆಯ ಹಿಂದಿನ ರಾಜಕೀಯ ಲೆಕ್ಕಾಚಾರವನ್ನೂ ಕರ್ಫ್ಯೂವಿನಲ್ಲಿ ಕೂಲಿಯಿಲ್ಲದೆ ಕುಳಿತ ಸಾಮಾನ್ಯರ ಮಾತನ್ನೂ ಒಟ್ಟಿಗೆ ಇಟ್ಟಿತು. ನಮ್ಮ ಊರಿನಿಂದ ಹೊರಟ ಈ ಚಿತ್ರಗಳು ಹೊಸ ರೂಪದಲ್ಲಿ ನೋಡಲು ಸಿಕ್ಕಿದ್ದು ಬರ್ಲಿನ್ನಿನ ಆರ್ಸೆನಲ್ ಸಂಸ್ಥೆ ಅವನ್ನು ಡಿಜಿಟಲ್ ಮಾಡಿದ ಮೇಲೆ. ಬ್ರಿಟಿಷರ ಮನೆಚಿತ್ರಗಳಿಗೆ ಕೇಂಬ್ರಿಜ್, ನಮ್ಮ ಹೋರಾಟದ ಚಿತ್ರಗಳಿಗೆ ಬರ್ಲಿನ್. ಹಾಗಾದರೆ ಶಿವಾಜಿನಗರದ ಅಟ್ಟದ ಡಬ್ಬಿಗೆ ಯಾರು?

ಈ ಪ್ರಶ್ನೆಯನ್ನು ನಾವು ಭಾವುಕತೆಯಿಂದ ಕೇಳುತ್ತಿಲ್ಲ. 1994ರ ಅಕ್ಟೋಬರಿನಲ್ಲಿ ದೂರದರ್ಶನದ ಉರ್ದು ವಾರ್ತೆಯ ನೆಪದಲ್ಲಿ ಬೆಂಗಳೂರಿನಲ್ಲಿ ಗಲಭೆಯಾದಾಗ ನಮ್ಮ ಮೊಹಲ್ಲಾಗಳು ಪತ್ರಿಕೆಗಳ ಮುಖಪುಟಕ್ಕೆ ಬಂದವು. ಅಂಥ ಸಂದರ್ಭ ಬಿಟ್ಟರೆ ಈ ಗಲ್ಲಿಗಳತ್ತ ಸುದ್ದಿ ಕ್ಯಾಮೆರಾ ತಿರುಗುವುದು ಹಬ್ಬದ ನಮಾಜಿನ ದಿನ, ಚುನಾವಣೆಯ ದಿನ. ಹೀಗೆ ಸುದ್ದಿಚಿತ್ರಗಳನ್ನಷ್ಟೇ ನೋಡಿ ನಾಳೆ ಯಾರಾದರೂ ಶಿವಾಜಿನಗರದ ಚರಿತ್ರೆ ಬರೆದರೆ, ಅಲ್ಲಿ ಮಕ್ಕಳು ಗಾಳಿಪಟ ಹಾರಿಸುತ್ತಿದ್ದರು, ಅಕ್ಕಪಕ್ಕದ ಹಿಂದೂ, ಕ್ರೈಸ್ತ ಮನೆಗಳವರು ಮದುವೆಯ ಊಟದ ಸಾಲಿನಲ್ಲಿ ಕುಳಿತಿರುತ್ತಿದ್ದರು, ತಾತ ವೆರಾಂಡದಲ್ಲಿ ಪತ್ರಿಕೆ ಓದುತ್ತ ನಿದ್ದೆ ಹೋಗುತ್ತಿದ್ದರು ಎಂಬುದಕ್ಕೆ ಪುರಾವೆ ಎಲ್ಲಿಂದ ಬರಬೇಕು? ಸಾಧಾರಣ ದಿನಗಳ ಪುರಾವೆ ಮನೆಚಿತ್ರಗಳಲ್ಲಷ್ಟೇ ಇರುತ್ತದೆ.

ಅವಕ್ಕೂ ಮಿತಿಗಳಿವೆ. ಕ್ಯಾಮೆರಾ ಹಿಡಿದವರು ಬಹುಮಟ್ಟಿಗೆ ಮನೆಯ ಗಂಡಸರು. ಆದ್ದರಿಂದ ತಂದೆ ಚಿತ್ರದಲ್ಲಿ ಇರುವುದಿಲ್ಲ. ಪರದೆಯ ರೂಢಿಯಿದ್ದ ಮನೆಗಳಲ್ಲಿ ಹೆಣ್ಣುಮಕ್ಕಳು ಕ್ಯಾಮೆರಾದ ಮುಂದೆ ಬರುವುದೇ ಅಪರೂಪ. ಅಡುಗೆಮನೆಯಲ್ಲಿ ಬೆಳಕು ಸಾಲದು, ಹಾಗಾಗಿ ಅಡುಗೆಯವರೂ ಇಲ್ಲ. ಜಗಳ, ಕಾಯಿಲೆ, ಸಾಲ ಯಾವುದೂ ಇಲ್ಲ. ಎಲ್ಲರೂ ಹೊಸ ಬಟ್ಟೆ ಹಾಕಿ ನಗುತ್ತಿರುತ್ತಾರೆ. ಆದ್ದರಿಂದ ಮನೆಚಿತ್ರವನ್ನು ಓದುವ ಕ್ರಮವೇ ಬೇರೆ. ಮುಖಗಳ ಹಿಂದೆ ನೋಡಬೇಕು. ಅಂಗಡಿಯ ಬೋರ್ಡು ಯಾವ ಯಾವ ಲಿಪಿಯಲ್ಲಿದೆ, ಜಟಕಾ ಗಾಡಿ ಯಾವಾಗ ಕಾಣೆಯಾಗಿ ಆಟೋ ಬಂತು, ಹಲಸೂರು ಕೆರೆಯ ನೀರು ಎಲ್ಲಿಯವರೆಗಿತ್ತು, ಎಂ.ಜಿ. ರಸ್ತೆಯ ಮರಗಳ ಸಾಲು ಹೇಗಿತ್ತು ಎಂಬುದು ಅಲ್ಲಿ ಸಿಗುತ್ತದೆ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೆಟ್ರೊ ಬಂದ ಮೇಲೆ, 2023ರಲ್ಲಿ ಅದು ಕೆ.ಆರ್. ಪುರವನ್ನು ಮುಟ್ಟಿದ ಮೇಲೆ, ದಂಡಿನ ಹಾಗೂ ಪೂರ್ವದ ಬೀದಿಗಳ ಹಳೆಯ ರೂಪ ಇಂಥ ಹಿನ್ನೆಲೆಗಳಲ್ಲಿ ಮಾತ್ರ ಉಳಿದಿದೆ. ಹಲಸೂರಿನ ಲಿಡೋ ಚಿತ್ರಮಂದಿರ ಇದ್ದಲ್ಲಿ ಈಗ ಮಾಲ್ ಇದೆ.

ವಿನೆಗರಿನ ವಾಸನೆ

ಈ ಹವ್ಯಾಸವನ್ನು ಮುಗಿಸಿದ್ದು ವಿಡಿಯೋ. 1982ರ ಏಷ್ಯನ್ ಕ್ರೀಡಾಕೂಟದ ವೇಳೆಗೆ ಬಣ್ಣದ ಟಿ.ವಿ. ಬಂತು; ಗಲ್ಫಿನಿಂದ ಮರಳಿದವರ ಸೂಟ್‌ಕೇಸಿನಲ್ಲಿ ವಿ.ಸಿ.ಆರ್., ಮುಂದೆ ವಿಡಿಯೋ ಕ್ಯಾಮೆರಾ ಬಂದವು. ಮೂರು ಗಂಟೆ ಓಡುವ ಕ್ಯಾಸೆಟ್ಟಿನ ಎದುರು ಮೂರು ನಿಮಿಷದ ಫಿಲ್ಮು ನಿಲ್ಲುವಂತಿರಲಿಲ್ಲ. ಕೊಡ್ಯಾಕ್ 2005ರಲ್ಲಿ ಸೂಪರ್-8 ಕೊಡ್ಯಾಕ್ರೋಮ್ ನಿಲ್ಲಿಸಿತು. ಅದನ್ನು ತೊಳೆಯುತ್ತಿದ್ದ ಲೋಕದ ಕೊನೆಯ ಲ್ಯಾಬು, ಅಮೆರಿಕದ ಕ್ಯಾನ್ಸಸ್‌ನಲ್ಲಿದ್ದದ್ದು, 2010ರ ಡಿಸೆಂಬರಿಗೆ ಆ ಕೆಲಸ ಮುಗಿಸಿತು. ಈಚೆಗೆ ಮತ್ತೆ ಫಿಲ್ಮಿನ ಒಲವು ಚಿಗುರಿದೆ. 2023ರ ಕೊನೆಯಲ್ಲಿ ಕೊಡ್ಯಾಕ್ ಹೊಸ ಸೂಪರ್-8 ಕ್ಯಾಮೆರಾವನ್ನೇ ಮಾರಾಟಕ್ಕೆ ಬಿಟ್ಟಿತು. ಆದರೆ ಅದರ ಬೆಲೆ ಐದು ಸಾವಿರ ಡಾಲರಿಗೂ ಮೇಲೆ.

ವಿಚಿತ್ರವೆಂದರೆ ಫಿಲ್ಮನ್ನು ಓಡಿಸಿದ ವಿಡಿಯೋ ಕ್ಯಾಸೆಟ್ಟುಗಳಲ್ಲಿ ಬಹಳಷ್ಟು ಬೂಷ್ಟು ಹಿಡಿದು, ಕಾಂತಶಕ್ತಿ ಕುಂದಿ ಹಾಳಾಗಿವೆ. ಫಿಲ್ಮಾದರೋ ಬರಿಗಣ್ಣಿಗೆ ಕಾಣುವ ವಸ್ತು. ಕಿಟಕಿಯ ಬೆಳಕಿಗೆ ಹಿಡಿದರೆ ಸಾಕು, ಒಳಗಿರುವುದು ಮದುವೆಯೋ ಮೆರವಣಿಗೆಯೋ ತಿಳಿಯುತ್ತದೆ. ಆದರೆ ಅಸಿಟೇಟಿಗೂ ಆಯುಸ್ಸಿದೆ. ಸೆಕೆ ಮತ್ತು ತೇವದಲ್ಲಿ ಅದು ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ಡಬ್ಬಿ ತೆರೆದಾಗ ವಿನೆಗರಿನ ವಾಸನೆ ಬಂದರೆ ಕ್ಷಯ ಶುರುವಾಗಿದೆ ಎಂದರ್ಥ. ಆ ಆವಿ ಪಕ್ಕದ ಸುರುಳಿಗಳಿಗೂ ತಗಲುತ್ತದೆ. ಫಿಲ್ಮು ಕುಗ್ಗಿ, ಮುರುಟಿ, ಕೊನೆಗೆ ಲೇಪ ಸುಲಿದುಹೋಗುತ್ತದೆ. ಶುರುವಾದದ್ದನ್ನು ತಂಪಿನಲ್ಲಿಟ್ಟು ನಿಧಾನಗೊಳಿಸಬಹುದು, ಹಿಂದಕ್ಕೆ ತಿರುಗಿಸಲಾಗದು.

ದೊಡ್ಡ ಸಂಸ್ಥೆಗಳ ಕೆಲಸ ದೊಡ್ಡ ಚಿತ್ರಗಳ ಸುತ್ತ ಇದೆ. 1964ರಲ್ಲಿ ಆರಂಭವಾದ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ನೈಟ್ರೇಟ್ ಫಿಲ್ಮುಗಳು 2003ರ ಬೆಂಕಿಯಲ್ಲಿ ಅಪಾರವಾಗಿ ನಾಶವಾದವು. 2015ರಿಂದ ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸಂರಕ್ಷಣೆಯ ತರಬೇತಿ ಕೊಡುತ್ತ ಬಂದಿದೆ. ಸಂತೋಷದ ಸಂಗತಿ. ಆದರೆ ಯಾವ ಸಂಸ್ಥೆಯೂ ನಮ್ಮ ಮನೆಯ ಅಟ್ಟ ಹತ್ತಿ ಬರುವುದಿಲ್ಲ. ಅಮೆರಿಕದಲ್ಲಿ 2003ರಿಂದ ವರ್ಷಕ್ಕೊಂದು ದಿನ ಊರವರೇ ತಮ್ಮ ಹಳೆಯ ರೀಲು ತಂದು, ಬಲ್ಲವರಿಂದ ಪರೀಕ್ಷೆ ಮಾಡಿಸಿ, ಒಟ್ಟಿಗೆ ಕುಳಿತು ನೋಡುವ 'ಮನೆಚಿತ್ರ ದಿನ' ನಡೆಯುತ್ತಿದೆ. ನಮ್ಮ ಶಾಲೆ, ಗ್ರಂಥಾಲಯ, ಜಮಾಅತ್ತಿನ ಸಭಾಂಗಣ, ಚರ್ಚಿನ ಹಾಲು, ಬಡಾವಣೆಯ ಸಂಘ ಇವುಗಳಿಗೆ ಇದು ಅಸಾಧ್ಯವಾದುದೇನಲ್ಲ.

ಓದುಗರಲ್ಲಿ ನಮ್ಮ ವಿನಂತಿ ಇಷ್ಟು. ಡಬ್ಬಿ ಸಿಕ್ಕರೆ ಎಸೆಯಬೇಡಿ. ಕುತೂಹಲಕ್ಕೆಂದು ಹಳೆಯ ಪ್ರೊಜೆಕ್ಟರಿಗೂ ಹಾಕಬೇಡಿ, ಕುಗ್ಗಿದ ಫಿಲ್ಮು ಅದರ ಹಲ್ಲಿಗೆ ಸಿಕ್ಕಿ ಹರಿಯುತ್ತದೆ. ವಾಸನೆ ಬಂದದ್ದನ್ನು ಬೇರೆ ಇಡಿ. ಅಟ್ಟದ ಸೆಕೆಯಿಂದ ಇಳಿಸಿ ತಂಪಾದ, ಒಣಗಿದ ಜಾಗದಲ್ಲಿಡಿ. ಫ್ರೇಮು ಫ್ರೇಮಾಗಿ ಸ್ಕ್ಯಾನ್ ಮಾಡುವವರಲ್ಲಿ ಕೊಡಿ, ಗೋಡೆಗೆ ಬಿಟ್ಟು ಮೊಬೈಲಿನಲ್ಲಿ ತೆಗೆಯುವವರಲ್ಲಿ ಬೇಡ. ಸ್ಕ್ಯಾನ್ ಆದ ಮೇಲೂ ಮೂಲ ಸುರುಳಿಯನ್ನು ಉಳಿಸಿಕೊಳ್ಳಿ. ಎಲ್ಲಕ್ಕಿಂತ ಮೊದಲು, ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿ ಯಾರು, ಎಲ್ಲಿ, ಯಾವ ವರ್ಷ ಎಂದು ಕೇಳಿ ಬರೆದಿಡಿ. ಆ ಚಿತ್ರಗಳಲ್ಲಿ ಧ್ವನಿಯಿಲ್ಲ. ಹೆಸರು ಹೇಳಬಲ್ಲವರು ಹೋದ ಮೇಲೆ ಅತ್ಯುತ್ತಮ ಸ್ಕ್ಯಾನಿನಲ್ಲಿಯೂ ಉಳಿಯುವುದು ಅಪರಿಚಿತರ ನಗು ಮಾತ್ರ.